ಮುಲ್ಕಿ ಪರೀಕ್ಷೆಯ ಮುಂಜಾನೆ

ಇಂಡಿ ಊರಿನಲ್ಲಿ, ಪಾಸಾದರೆ ಶಾಲೆಯಲ್ಲಿ ಶಿಕ್ಷಕಿಯಾಗಬಹುದಾದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ಅಬಿದಾ ಒಂದು ಗುಟ್ಟು ಕಂಡುಕೊಂಡಿದ್ದಳು: ಹತ್ತು ನಿಮಿಷ ಹಗ್ಗ ಜಿಗಿದು ಕೂತರೆ ಮರೆತ ಪಾಠವೂ ನೆನಪಿಗೆ ಬರುತ್ತಿತ್ತು. ಅದನ್ನು ಹೇಳಿದ್ದು ಗೆಳತಿ ಇಂದೂಬಾಯಿಗೆ ಮಾತ್ರ. ಆರು ತಿಂಗಳು ಇಬ್ಬರೂ ಜಿಗಿದು, ಒಬ್ಬರಿಗೊಬ್ಬರು ಪಾಠ ಒಪ್ಪಿಸಿದರು.

ಪರೀಕ್ಷೆಯ ಮುಂಜಾನೆ ಇಂದೂಬಾಯಿಯೇ ತಡೆದಳು. "ಇವತ್ತ ಬ್ಯಾಡವಾ, ದಣದರ ಎಲ್ಲಾ ಮರೀತೈತಿ. ಹಗ್ಗ ನನ್ನ ಕಡೆ ಕೊಡು, ನೀ ಸುಮ್ನ ಕುಂದ್ರು."

ಅಬಿದಾ ನಂಬಿದಳು. ಗಂಟೆ ಬಾರಿಸುವ ಮೊದಲು ನೀರು ಕುಡಿಯಲು ಹೋದರೆ, ಬಾವಿಯ ಹಿಂದೆ ಇಂದೂಬಾಯಿ ಬೆವರಿಳಿಸುತ್ತ ಜಿಗಿಯುತ್ತಿದ್ದಳು.

"ಇಂದೂ!"

ಅವಳು ತಲೆ ತಗ್ಗಿಸಿದಳು. "ಸಾಲ್ಯಾಗ ಅಕ್ಕೋರ ಜಾಗಾ ಒಂದ ಒಂದ ಖಾಲಿ ಐತಿ, ಅಬಿದಾ."

ಪ್ರಶ್ನೆಪತ್ರಿಕೆಯ ಮುಂದೆ ಅಬಿದಾಗೆ ಆ ಮಾತೊಂದೇ ನೆನಪಾಗುತ್ತಿತ್ತು, ಓದಿದ್ದೊಂದೂ ಬರಲಿಲ್ಲ. ಕೆಲಸ ಇಂದೂಬಾಯಿಗೇ ಸಿಕ್ಕಿತು. ಅವಳು ಪೇಢೆ ಹಿಡಿದು ಮನೆಗೆ ಬಂದಾಗ ಅಬಿದಾ ಬಾಗಿಲೇನೋ ತೆರೆದಳು, ಆದರೆ "ಬಾ" ಅನ್ನಲಿಲ್ಲ.