ಕೈಯಿಲ್ಲದ ಕುರ್ಚಿಗಳು

ನಮ್ಮ ಮನೆಯ ಮುಂದಿನ ಕೋಣೆಯೇ ಸೊಸೆಯ ಹೊಲಿಗೆ ಅಂಗಡಿ. ಅವತ್ತು ಬೆಳಿಗ್ಗೆ ಅವಳು ಶಾಲೆಯ ಮಕ್ಕಳ ಬಿಳಿ ಅಂಗಿಗಳಿಗೆ ಕಾಲರ್ ಕೂಡಿಸುತ್ತಿದ್ದಳು. ನಾನು ಕಿಟಕಿಯ ಬಳಿ ಕೂತು ಗುಂಡಿಗಳನ್ನು ಆರಿಸಿಕೊಡುತ್ತಿದ್ದೆ. ನಲವತ್ತು ವರ್ಷ ಬಡಗಿಯಾಗಿದ್ದವನು ನಾನು. ಮಂಡಿ ಹಿಡಿದುಕೊಂಡ ಮೇಲೆ ನನ್ನಿಂದ ಆಗುವ ಉಪಕಾರ ಇಷ್ಟೇ.

ಒಂದು ಅಂಗಿಯ ಕಾಲರಿನ ಮೇಲೆ ಕೆಂಪು ಚುಕ್ಕೆ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು.

"ಏನಮ್ಮಾ ಇದು, ರಕ್ತ?"

ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಕೈ ನೋಡಿಕೊಂಡಳು. ಎಡಗೈ ತೋರುಬೆರಳಿನ ತುದಿಯಲ್ಲಿ ಒಂದು ಸೂಜಿ ಚುಚ್ಚಿಕೊಂಡು ನಿಂತೇ ಇತ್ತು.

"ಗೊತ್ತೇ ಆಗ್ಲಿಲ್ಲ ಮಾವ," ಎಂದಳು.

ದರ್ಜಿಗೆ ಬೆರಳ ತುದಿಯೇ ಕಣ್ಣು. ಬಟ್ಟೆಯ ನೂಲು ಯಾವ ಕಡೆ ಓಡುತ್ತಿದೆ ಎಂಬುದನ್ನು ಇವಳು ನೋಡದೆ ಬೆರಳಲ್ಲೇ ಹೇಳುವವಳು. ಆ ಬೆರಳು ಸೂಜಿಯನ್ನೇ ಅರಿಯದೆ ಹೋದರೆ ಅವಳಿಗೆ ಉಳಿಯುವುದೇನು?

ಹಿಂದಿನದನ್ನು ಸ್ವಲ್ಪ ಹೇಳಬೇಕು. ಎರಡು ವರ್ಷದ ಹಿಂದೆ ಸೊಸೆಯ ತೂಕ ಬಹಳ ಇತ್ತು. ಸಕ್ಕರೆ ಕಾಯಿಲೆ, ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಏನೆಲ್ಲ ಪಥ್ಯ ಮಾಡಿದರೂ ಇಳಿಯಲಿಲ್ಲ. ಕೊನೆಗೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು. ಜಠರದಲ್ಲಿ ಕೋಳಿಮೊಟ್ಟೆಯಷ್ಟು ಜಾಗ ಉಳಿಸಿ, ಉಳಿದದ್ದನ್ನು ಬದಿಗೆ ಸರಿಸಿ ಹೊಲಿದರು. ಮನೆಗೆ ಬಂದ ದಿನ ಇವಳು, "ಒಳಗಡೆ ಹೊಲಿಗೆ ಹೇಗಿದೆಯೋ ಗೊತ್ತಿಲ್ಲ ಮಾವ, ಹೊರಗಡೆದು ಮಾತ್ರ ನನಗಿಂತ ಚೆನ್ನಾಗಿ ಹಾಕಿದಾರೆ," ಎಂದು ನಕ್ಕಿದ್ದಳು. ಮೂರು ಚಮಚ ಗಂಜಿಗೆ ಹೊಟ್ಟೆ ತುಂಬಿತೆಂದು ಬಟ್ಟಲು ಸರಿಸುತ್ತಿದ್ದಳು. ಆ ಮೂರು ಚಮಚದಲ್ಲಿ ಒಂದು ಇಡೀ ಜೀವವನ್ನು ನಡೆಸುವವನು ಯಾರು ಎಂದು ನಾನು ದೇವರ ಮುಂದೆ ಕೂತು ಬೆರಗಾಗಿದ್ದೇನೆ. ತಿಂಗಳು ತಿಂಗಳಿಗೆ ಅವಳು ಹಗುರಾದಳು. ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿದ ದಿನ ಮೇಲಿನಿಂದ ನನ್ನ ಹೆಸರು ಹಿಡಿದು ಕೂಗಿದಳು, ಮಾವ ಎನ್ನುವುದನ್ನೂ ಮರೆತು.

ಅಷ್ಟೆಲ್ಲ ಆದ ಮೇಲೆ ಈ ಸೂಜಿ.

ಆ ಹೊತ್ತಿಗೆ ಗುಟುಕಕ್ಕ ಬಂದಳು. ಶಾಲೆಯ ಬಸ್ಸು ಓಡಿಸುವವಳು. ಸದಾ ಕೈಯಲ್ಲೊಂದು ನೀರಿನ ಬಾಟಲಿ, ಅದರ ಮೇಲೆ ಗಂಟೆಗೊಂದರಂತೆ ಗೆರೆ. ಬಸ್ಸು ಎಲ್ಲಿ ನಿಂತರೂ ಒಂದು ಗುಟುಕು ಕುಡಿಯುತ್ತಾಳೆ. ಬಸ್ಸಿನ ಮಕ್ಕಳು ಇಟ್ಟ ಹೆಸರು ಈಗ ಬೀದಿಗೆಲ್ಲ ಹಬ್ಬಿದೆ. ಏಳು ವರ್ಷದ ಹಿಂದೆ ಅವಳಿಗೂ ಇದೇ ಶಸ್ತ್ರಚಿಕಿತ್ಸೆ ಆಗಿತ್ತು.

"ನನ್ನ ಪ್ಯಾಂಟ್ ಆಯ್ತಾ ಅಂತ ಕೇಳೋಣ ಅಂತ ಬಂದೆ. ಇದೇನಿದು, ಹೊಲಿಗೆ ಅಂಗಡೀನೋ ಆಸ್ಪತ್ರೇನೋ?"

"ಬೆರಳು ಜೋಮು ಅಕ್ಕ. ಎರಡು ತಿಂಗಳಿಂದ ಹೀಗೇ. ಕೂತು ಕೂತು ಆಗಿರ್ಬೇಕು ಅಂತ ಸುಮ್ನಿದ್ದೆ."

"ಕಾಲು?"

"ಕಾಲೂ ಒಂದೊಂದ್ಸಲ. ಹತ್ತಿ ಹಾಸಿದ ಮೇಲೆ ನಡೆದ ಹಾಗಿರುತ್ತೆ."

ಗುಟುಕಕ್ಕನ ಮುಖದ ನಗು ಹೋಯಿತು. ಸ್ಟೂಲ್ ಎಳೆದುಕೊಂಡು ಕೂತಳು.

"ವಿಟಮಿನ್ ಮಾತ್ರೆ ತಗೋತಿದೀಯ ತಾನೆ?"

"ಬಿಟ್ಟು ಒಂದು ವರ್ಷ ಆಯ್ತು."

"ಯಾಕೆ ಬಿಟ್ಟೆ?"

ಸೊಸೆ ಕೊರಳಲ್ಲಿದ್ದ ಅಳತೆಯ ಟೇಪನ್ನು ಎತ್ತಿ ತೋರಿಸಿದಳು. "ಪ್ರತಿ ಸೋಮವಾರ ಸೊಂಟ ಅಳೀತೀನಿ. ಐವತ್ನಾಲ್ಕು ಇದ್ದದ್ದು ಮೂವತ್ತಾರಕ್ಕೆ ಬಂತಲ್ಲ, ಅವತ್ತೇ ಬಿಟ್ಟೆ. ಅಳತೆ ಸರಿಹೋದ ಮೇಲೆ ಮಾತ್ರೆ ಯಾಕೆ?"

"ರಕ್ತ ಪರೀಕ್ಷೆ?"

"ಅದಕ್ಕೂ ಹೋಗಿಲ್ಲ."

"ಅಯ್ಯೋ ನನ್ನ ತಾಯಿ. ನಿನ್ನ ಟೇಪು ಹೊರಗಿನದನ್ನ ಅಳೆಯುತ್ತೆ. ರಕ್ತದಲ್ಲಿ ಏನು ಕಮ್ಮಿ ಆಗಿದೆ ಅಂತ ಅದಕ್ಕೇನು ಗೊತ್ತು? ನಮ್ಮ ಪುಟ್ಟ ಹೊಟ್ಟೆ ಊಟದಿಂದ ಎಲ್ಲಾನೂ ಎಳ್ಕೊಳಲ್ಲ. ಬಿ ಹನ್ನೆರಡು ಅಂತ ಒಂದು ವಿಟಮಿನ್ ಇದೆ. ಅದು ಕಮ್ಮಿ ಆದ್ರೆ ನರ ಸೊರಗುತ್ತೆ, ಕೈಕಾಲು ಜೋಮು ಹಿಡಿಯುತ್ತೆ. ಮಾತ್ರೆ ತೂಕ ಇಳಿಯೋ ತನಕ ಅಲ್ಲ, ಬದುಕಿರೋ ತನಕ."

ಮತ್ತೆ ತಾನೇ ತಡೆದು ಹೇಳಿದಳು: "ನಾನು ಡಾಕ್ಟರಲ್ಲ. ಬಸ್ ಓಡಿಸೋಳು. ನಿನ್ನದು ಅದೇ ಹೌದೋ ಅಲ್ವೋ ಅಂತ ಡಾಕ್ಟರೇ ಹೇಳ್ಬೇಕು. ಆದ್ರೆ ಈ ಆಪರೇಷನ್ ಆದೋರು ಶನಿವಾರ ಸೇರೋ ನಮ್ಮ ಗುಂಪಲ್ಲಿ ಒಬ್ರು ಪೋಸ್ಟ್‌ಮ್ಯಾನ್ ಇದಾರೆ. ಅವರಿಗೂ ಹೀಗೇ ಶುರುವಾದದ್ದು. ತಡ ಮಾಡಿದ್ರು. ಇವತ್ತಿಗೂ ಅಂಗಿ ಗುಂಡಿ ಹಾಕೋಕೆ ಹೆಂಡತಿ ಬೇಕು."

ಸೊಸೆ ತನ್ನ ಹತ್ತು ಬೆರಳನ್ನೂ ಮಡಿಲಲ್ಲಿ ಅಡಗಿಸಿಕೊಂಡಳು.

"ಗುಂಪಿಗೆ ಬಾ ಅಂತ ಎಷ್ಟು ಸಲ ಕರೆದೆ," ಎಂದಳು ಗುಟುಕಕ್ಕ.

"ಏನಂತ ಬರ್ಲಿ ಅಕ್ಕ? ಹೊಟ್ಟೆ ಕೊಯ್ಸಿಕೊಂಡು ಸುಲಭವಾಗಿ ಸಣ್ಣಗಾದೋಳು ಅಂತ ಬೀದಿಯೋರು ಆಡಿಕೊಳ್ಳೋದೇ ಸಾಲದಾ? ಅಲ್ಲಿ ಹೋಗಿ ಎಲ್ಲರ ಮುಂದೆ ಬೇರೆ ಹೇಳ್ಕೊಬೇಕಾ?"

"ಸುಲಭ ಅಂದೋರು ನಮ್ಮ ಹಾಗೆ ಒಂದು ವಾರ ಇದ್ದು ನೋಡ್ಲಿ. ಅದಿರ್ಲಿ, ನೀರೆಷ್ಟು ಕುಡೀತೀಯ?"

"ಬಾಯಲ್ಲಿ ಸೂಜಿ ಇರುತ್ತಲ್ಲ. ಮಧ್ಯಾಹ್ನ ತೆಗೆದಾಗ ಊಟದ ಜೊತೆ ಒಂದೇ ಸಲ ಕುಡಿದುಬಿಡ್ತೀನಿ. ಆಮೇಲೆ ವಾಂತಿ."

"ಬರದೆ ಇರುತ್ತಾ? ಮೊಟ್ಟೆಯಷ್ಟು ಜಾಗದಲ್ಲಿ ಊಟ ಇಳೀಬೇಕೋ ನೀರೋ? ಊಟ ಆಗಿ ಅರ್ಧ ಗಂಟೆ ಬಿಡು. ಆಮೇಲೆ ಗುಟುಕು ಗುಟುಕಾಗಿ ಕುಡಿ. ಮೊದಲು ಆ ಸೂಜಿಗೆ ಬೇರೆ ಮನೆ ಹುಡುಕು."

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಅವನು ಗಡಿಯಾರ ರಿಪೇರಿ ಮಾಡುವವನು, ಮಾತೆಲ್ಲ ಗಡಿಯಾರದ್ದೇ. ವಿಷಯ ಕೇಳಿ ಮೂಗು ಮುರಿದ.

"ಆಪರೇಷನ್ ಆಯ್ತು, ಸಣ್ಣಗೂ ಆದ್ಲು. ಮತ್ತೆ ಆಸ್ಪತ್ರೆ, ಮತ್ತೆ ಗುಂಪು. ಬಿಚ್ಚಿ ಸರಿ ಮಾಡಿದ ಗಡಿಯಾರಾನ ಯಾರಾದ್ರೂ ದಿನಾ ಅಂಗಡಿಗೆ ತರ್ತಾರಾ?"

"ಅಂಗಡಿಗೆ ತರಲ್ಲಪ್ಪ," ಎಂದಳು ಗುಟುಕಕ್ಕ. "ಆದ್ರೆ ನಿನ್ನ ಕೈಯಲ್ಲಿರೋದಕ್ಕೆ ದಿನಾ ಬೆಳಿಗ್ಗೆ ಕೀ ಕೊಡ್ತೀಯಲ್ಲ, ಅದು ಯಾಕೆ? ರಿಪೇರಿ ಮಾಡಿದ್ದು ಸಾಲಲಿಲ್ವಾ?"

ಮಗ ಕೈಗಡಿಯಾರ ನೋಡಿಕೊಂಡ. "ಅದು ಬೇರೆ ಮಾತು," ಎಂದ.

ನಾನು ರಕ್ತದ ಚುಕ್ಕೆಯ ಅಂಗಿಯನ್ನು ಅವನ ಕೈಗೆ ಕೊಟ್ಟೆ. "ಅವಳ ಬೆರಳಲ್ಲಿ ಸೂಜಿ ನಿಂತಿತ್ತು. ಅವಳಿಗೆ ಗೊತ್ತಾಗ್ಲಿಲ್ಲ," ಎಂದೆ. ಅವನು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಊಟ ಮಾಡದೆ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ.

ರಕ್ತ ಪರೀಕ್ಷೆಯಲ್ಲಿ ಗುಟುಕಕ್ಕ ಹೇಳಿದ್ದೇ ಕಂಡಿತು. ವೈದ್ಯರು ಚುಚ್ಚುಮದ್ದು ಶುರು ಮಾಡಿದರು. "ಸ್ಪರ್ಶ ಬಹುಮಟ್ಟಿಗೆ ತಿರುಗಿ ಬರಬಹುದು, ನಿಧಾನ. ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ. ಇನ್ನೂ ತಡವಾಗಿದ್ದರೆ ಇಷ್ಟನ್ನೂ ಹೇಳುತ್ತಿರಲಿಲ್ಲ," ಎಂದರಂತೆ. ಮಾತ್ರೆಗಳನ್ನು ಮತ್ತೆ ಬರೆದುಕೊಟ್ಟರು. ಗುಂಪಿಗೆ ಹೋಗಿ ಎಂದು ಅವರೂ ಹೇಳಿದರು.

ಶನಿವಾರ ಮಧ್ಯಾಹ್ನ ಮಗನಿಗೆ ಅಂಗಡಿ ಬಿಡಲಾಗಲಿಲ್ಲ. ಸೊಸೆ ಬಾಗಿಲ ತನಕ ಹೋಗಿ ಎರಡು ಸಲ ಒಳಗೆ ಬಂದಳು. ಮೂರನೆಯ ಸಲ ನಾನೇ ಊರುಗೋಲು ತೆಗೆದುಕೊಂಡೆ. "ನಡಿಯಮ್ಮ, ನಾನೂ ಬರ್ತೀನಿ. ನನ್ನ ಹೊಟ್ಟೇನೂ ಯಾರಾದ್ರೂ ನೋಡ್ಲಿ," ಎಂದೆ.

ಸಭೆ ನಡೆಯುವುದು ಗ್ರಂಥಾಲಯದ ನೆಲ ಅಂತಸ್ತಿನ ಕೋಣೆಯಲ್ಲಿ. ಹನ್ನೊಂದು ಮಂದಿ ಇದ್ದರು. ಬಡಗಿಯಾದ ನನ್ನ ಕಣ್ಣು ಮನುಷ್ಯರಿಗಿಂತ ಮೊದಲು ಕುರ್ಚಿಗಳ ಮೇಲೆ ಬಿತ್ತು. ದುಂಡಗೆ ಜೋಡಿಸಿದ್ದರು. ಯಾವ ಕುರ್ಚಿಗೂ ಕೈ ಇರಲಿಲ್ಲ. ಕೈಯೂರುವ ಪಟ್ಟಿ ಇದ್ದ ನಾಲ್ಕಾರು ಕುರ್ಚಿಗಳನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು.

"ಒಳ್ಳೆ ಕುರ್ಚಿಗಳನ್ನ ಯಾಕೆ ಮೂಲೆಗೆ ಹಾಕಿದೀರಿ?" ಎಂದು ಕೇಳಿದೆ.

ಪೋಸ್ಟ್‌ಮ್ಯಾನ್ ನಕ್ಕರು. "ದಪ್ಪ ಇರೋರು ಅದರಲ್ಲಿ ಹಿಡಿಸಲ್ಲ ಯಜಮಾನರೆ. ಹಿಡಿಸಿದ್ರೂ ಏಳೋವಾಗ ಕುರ್ಚೀನೂ ಜೊತೇಲೇ ಏಳುತ್ತೆ. ನಾನು ಒಂದು ಮದುವೇಲಿ ಹಾಗೇ ಎದ್ದಿದ್ದೆ. ಅವತ್ತಿಂದ ಯಾವ ಮನೆಗೆ ಹೋದ್ರೂ ನಿಂತೇ ಇರ್ತಿದ್ದೆ. ಕೂತ್ಕೊಳಿ ಅಂದ್ರೆ, ನನಗೆ ನಿಂತೇ ಅಭ್ಯಾಸ ಅಂತಿದ್ದೆ."

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ನನಗೆ ನಿಂತೇ ಅಭ್ಯಾಸ. ಈ ಮಾತನ್ನು ನಾನು ಮೂವತ್ತನಾಲ್ಕು ವರ್ಷ ಕೇಳಿದ್ದೆ. ನನ್ನ ಹೆಂಡತಿ ದಪ್ಪ ಮೈಯವಳು. ಮನೆಯಲ್ಲಿ ನಾನೇ ಮಾಡಿದ ಆರು ಕುರ್ಚಿಗಳಿದ್ದವು. ಒಳ್ಳೆಯ ಮರ, ಬಾಗಿದ ಕೈ, ನೋಡಿದವರೆಲ್ಲ ಹೊಗಳುತ್ತಿದ್ದರು. ಅವಳು ಮಾತ್ರ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು, ಇಲ್ಲವೇ ಅಡುಗೆಮನೆಯ ಮಣೆಯ ಮೇಲೆ ಕೂರುತ್ತಿದ್ದಳು. ಕೇಳಿದರೆ ಅದೇ ಮಾತು. ನಾನು ಅದನ್ನು ನಂಬಿದೆ. ಊರಿನವರಿಗೆಲ್ಲ ಅಳತೆ ತೆಗೆದು ಮಂಚ ಮಾಡಿಕೊಟ್ಟವನು ಮನೆಯವಳ ಅಳತೆ ತೆಗೆಯಲಿಲ್ಲ. ಅವಳು ತನ್ನ ಮೈಯ ಕಷ್ಟವನ್ನು ನನಗೂ ಹೇಳಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ಮೂರು ವರ್ಷದ ಹಿಂದೆ ಹೃದಯ ನಿಂತು ಹೋದಳು. ಯಾರೂ ಅವಳಿಗೆ ಹಿಡಿಸುವ ಒಂದು ಕುರ್ಚಿ ಹಾಕಿ, ಕೂತು ಹೇಳಮ್ಮ ಎನ್ನಲಿಲ್ಲ. ನಾನೂ ಅನ್ನಲಿಲ್ಲ.

ಏನೂ ಹೇಳದೆ ಅವಳು ಯಾಕೆ ಹೋದಳು ಎಂದು ಕೇಳಿ ಕೇಳಿ ದೇವರ ಕೋಣೆಯಲ್ಲಿ ಸಿಗದಿದ್ದ ಉತ್ತರ ಆ ಗ್ರಂಥಾಲಯದ ಕುರ್ಚಿಯ ಮೇಲೆ ಸಿಕ್ಕಿತು. ನಾನು ತಲೆ ತಗ್ಗಿಸಿ ಕೂತೆ. ಗುಟುಕಕ್ಕ ತನ್ನ ಬಾಟಲಿಯನ್ನು ನನ್ನ ಕಡೆ ಚಾಚಿದಳು.

ಅಲ್ಲಿ ನಡೆದದ್ದು ಉಪದೇಶವಲ್ಲ. ಒಬ್ಬೊಬ್ಬರೂ ವಾರ ಹೇಗೆ ಹೋಯಿತೆಂದು ಹೇಳಿದರು, ಅಷ್ಟೆ. ಒಬ್ಬ ಶಿಕ್ಷಕಿ, ಹೊಸಬಳು, ಕೂದಲು ಉದುರುತ್ತಿದೆ ಎಂದು ಅತ್ತಳು. "ನನಗೂ ನಾಲ್ಕನೇ ತಿಂಗಳು ಹಾಗೇ ಆಯ್ತು, ನೋಡು ಈಗ," ಎಂದು ಗುಟುಕಕ್ಕ ತನ್ನ ಜಡೆಯನ್ನು ಅವಳ ಕೈಗೇ ಕೊಟ್ಟಳು. "ಆದ್ರೂ ಡಾಕ್ಟರಿಗೆ ಹೇಳು. ಮೊಟ್ಟೆ, ಬೇಳೆ, ಮೀನು, ಅಂಥದ್ದನ್ನ ಮೊದಲು ತಿನ್ನು. ಉಳಿದದ್ದು ಆಮೇಲೆ." ಪೋಸ್ಟ್‌ಮ್ಯಾನ್, ಎರಡು ಚಮಚ ಪಾಯಸ ಗಬಕ್ಕನೆ ನುಂಗಿ, ಆ ಸಿಹಿ ಪುಟ್ಟ ಹೊಟ್ಟೆಗೆ ಒಗ್ಗದೆ ಬೆವರಿ, ಎದೆ ಡವಗುಟ್ಟಿ ಮಲಗಿದ ಕಥೆ ಹೇಳಿದರು. ಮತ್ತೊಬ್ಬರು ಎಂಟು ಕಿಲೋ ತಿರುಗಿ ಬಂತೆಂದು ಮೆಲ್ಲಗೆ ಹೇಳಿದರು. ಯಾರೂ ಬೈಯಲಿಲ್ಲ. "ಅದನ್ನ ಹೇಳೋಕೆ ಇಲ್ಲಿಗೆ ಬಂದ್ರಲ್ಲ, ಅದೇ ದೊಡ್ಡದು," ಎಂದಳು ಶಿಕ್ಷಕಿ, ಆಗತಾನೆ ಅತ್ತವಳು.

ಕೊನೆಗೆ ಸೊಸೆಯ ಸರದಿ. ಅವಳು ಬೆರಳು ಚಾಚಿದಳು. "ನಾನು ದರ್ಜಿ. ಟೇಪು ಹೇಳಿದ್ದನ್ನೇ ನಂಬಿದೆ," ಎಂದು ಶುರುಮಾಡಿದಳು. ಮನೆಯಲ್ಲಿ ನನಗೂ ನನ್ನ ಮಗನಿಗೂ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಆ ಅಪರಿಚಿತರಿಗೆ ಹೇಳಿದಳು. ಪೋಸ್ಟ್‌ಮ್ಯಾನ್ ಎದ್ದು ಬಂದು ತಮ್ಮ ಜೋಮು ಹಿಡಿದ ಕೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟರು. "ನೀನು ಬೇಗ ಬಂದೆ ಮಗಳೆ. ನನ್ನ ಕೈ ನಿನ್ನನ್ನ ಉಳಿಸಿದ್ರೆ ಅದಕ್ಕೂ ಒಂದು ಕೆಲಸ ಸಿಕ್ಕ ಹಾಗಾಯ್ತು," ಎಂದರು. ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಿದ್ದೇನೆ. ಆ ಎರಡು ಕೈಗಳ ಮುಂದೆ ಕೂತ ಹಾಗೆ ಎಂದೂ ಕೂತಿರಲಿಲ್ಲ.

ಅಂದಿನಿಂದ ಸೊಸೆಯ ಗುಂಡುಸೂಜಿಗಳು ಮಣಿಕಟ್ಟಿಗೆ ಕಟ್ಟಿದ ಹತ್ತಿಯ ಮೆತ್ತೆಯ ಮೇಲೆ ಇರುತ್ತವೆ. ಬಾಯಿ ಗುಟುಕಿಗೆ ಬಿಡುವಾಗಿದೆ. ಮಗ ದಿನಾ ಬೆಳಿಗ್ಗೆ ತನ್ನ ಗಡಿಯಾರಕ್ಕೆ ಕೀ ಕೊಡುವಾಗ ಅವಳ ಮಾತ್ರೆಯನ್ನೂ ತಂದಿಡುತ್ತಾನೆ. "ಕೀ ಕೊಟ್ಟಾಯ್ತು," ಎನ್ನುತ್ತಾನೆ. ಅವಳು, "ಗಡಿಯಾರ ನಡೀತಿದೆ ಕಣ್ರೀ," ಎನ್ನುತ್ತಾಳೆ. ಹೊಸದಾಗಿ ಶಸ್ತ್ರಚಿಕಿತ್ಸೆಯಾದವರ ಬಟ್ಟೆ ತಿಂಗಳಿಗೊಮ್ಮೆ ಸಡಿಲವಾಗುತ್ತದಲ್ಲ, ಶನಿವಾರ ಅವನ್ನೆಲ್ಲ ಹಿಡಿದು ಹೊಲಿದುಕೊಡುತ್ತಾಳೆ.

ಐದನೆಯ ತಿಂಗಳು ಒಂದು ಮಧ್ಯಾಹ್ನ ನಾನು ಗುಂಡಿ ಆರಿಸುತ್ತಿದ್ದೆ. "ಸ್ಸ್" ಎಂದ ಶಬ್ದ ಕೇಳಿ ತಲೆ ಎತ್ತಿದೆ. ಸೊಸೆ ಬೆರಳನ್ನು ಕಣ್ಣ ಮುಂದೆ ಹಿಡಿದುಕೊಂಡು ನೋಡುತ್ತಿದ್ದಳು.

"ಏನಾಯ್ತಮ್ಮ?"

"ಸೂಜಿ ಚುಚ್ತು ಮಾವ," ಎಂದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ನೋವಾಯ್ತು."

ನೋವನ್ನು ತಿರುಗಿ ಕೊಟ್ಟದ್ದಕ್ಕಾಗಿ ದೇವರಿಗೆ ಕೈ ಮುಗಿದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಕಿರುಬೆರಳೆರಡರಲ್ಲಿ ಜೋಮು ಇನ್ನೂ ಉಳಿದಿದೆ. ಅದೂ ಹೋಗಲಿ ಎಂದು ಕಾಯುತ್ತಿದ್ದೇವೆ.

ಮರುದಿನ ನಾನು ಹಳೆಯ ಗರಗಸ ಹುಡುಕಿದೆ. ಮಗ ತಡೆಯಬಂದವನು ನನ್ನ ಮುಖ ನೋಡಿ ಕುರ್ಚಿ ಅಲುಗದಂತೆ ಹಿಡಿದುಕೊಂಡ. ಆರು ಕುರ್ಚಿಗಳ ಹನ್ನೆರಡು ಕೈಗಳನ್ನೂ ಕೊಯ್ದು, ಉಜ್ಜಿ, ಎಣ್ಣೆ ಹಚ್ಚಿದೆ. ಐದನ್ನು ಗ್ರಂಥಾಲಯದ ಕೋಣೆಗೆ ಕೊಟ್ಟೆ. ಒಂದನ್ನು ಮನೆಯ ಬಾಗಿಲ ಬಳಿ, ನನ್ನ ಹೆಂಡತಿ ಒರಗಿ ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟಿದ್ದೇನೆ.

ಇದನ್ನು ಓದುತ್ತಿರುವ ತಾಯಿ, ತಂದೆ, ಅಣ್ಣ, ತಂಗಿ, ನಿಮಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರು ಹೇಳಿದ ಮಾತ್ರೆಯನ್ನು ಇವತ್ತು ತೆಗೆದುಕೊಂಡಿರಾ? ಕಳೆದ ರಕ್ತ ಪರೀಕ್ಷೆ ಯಾವಾಗ ಆಯಿತು? ಕೈಕಾಲು ಜೋಮು, ಬಿಡದ ವಾಂತಿ, ತಲೆಸುತ್ತು ಇದ್ದರೆ ನಾಳೆ ಎನ್ನದೆ ವೈದ್ಯರ ಬಳಿ ಹೋಗಿ. ಆಮೇಲೆ, ನಿಮ್ಮಂತೆಯೇ ನಡೆದು ಬಂದವರ ಗುಂಪು ಎಲ್ಲಿದೆ ಎಂದು ಆಸ್ಪತ್ರೆಯಲ್ಲಿ ಕೇಳಿ. ಇಲ್ಲದಿದ್ದರೆ ಇಬ್ಬರೇ ಸೇರಿ ಶುರುಮಾಡಿ. ನಿಮ್ಮ ಮನೆಯಲ್ಲಿ ಯಾರಾದರೂ ನನಗೆ ನಿಂತೇ ಅಭ್ಯಾಸ ಎನ್ನುತ್ತಿದ್ದರೆ, ನನ್ನಂತೆ ಅದನ್ನು ನಂಬಿ ಸುಮ್ಮನಾಗಬೇಡಿ. ಅವರಿಗೆ ಹಿಡಿಸುವ ಕುರ್ಚಿ ಹಾಕಿ, ಎದುರಿಗೆ ನೀವೂ ಕೂತು, ಹೇಗಿದ್ದೀಯ ಎಂದು ಕೇಳಿ.