ಹಸಿರು ಗೆರೆಯ ಉಬ್ಬು

ಮಾಸ್ಕಿನೊಳಗೆ ನನ್ನದೇ ಬಿಸಿ ಉಸಿರು ಮೂಗಿಗೆ ವಾಪಸು ಬರುತ್ತಿದೆ, ಬೆಳಗಿನ ಚಿತ್ರಾನ್ನದ ಒಗ್ಗರಣೆ ಸಮೇತ, ಥೂ, ಎಷ್ಟು ತುಳಿದರೂ ಈ ಚಕ್ರವಿಲ್ಲದ ಸೈಕಲ್ಲು ತೆಂಗಿನ ನಾರಿನ ಫ್ಯಾಕ್ಟರಿಯ ಆಫೀಸು ರೂಮು ಬಿಟ್ಟು ಕದಲುವುದಿಲ್ಲ, ಎದುರಿಗೆ ಪರದೆ, ಪರದೆಯ ಮೇಲೆ ಎರಡು ಗೆರೆ — ಕೆಂಪು ನನ್ನ ಉಸಿರು, ಈಗಿನದು, ಹಸಿರು ಇಲ್ಲೇ ನಾರು ಹೊಸೆಯುವ ವನಿತಾಳದು, ನಿನ್ನೆಯದು, ಹಸಿರಿನ ನಡುವೆ ಆ ಉಬ್ಬು. ಧೂಳಲ್ಲಿ ದುಡಿಯುವವರು ಮಾಸ್ಕ್ ಹಾಕಿದರೆ ಉಸಿರು ಹೇಗೆ ಓಡುತ್ತದೆ ಅಂತ ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ ನನ್ನ ಗಂಡ, ಕಾಲೇಜು ಮೇಷ್ಟ್ರು ಜ್ಞಾನೇಶ್, ಕಲಿಸಲಿ, ಒಳ್ಳೆಯ ಕೆಲಸವೇ, ಅದಕ್ಕೆ ಅವಳ ಉಸಿರೇ ಮಾದರಿ ಯಾಕೆ, ಎಷ್ಟು ಹದವಾಗಿ ಉಸಿರಾಡ್ತಾಳೆ ನೋಡು ದಾನೇಶ್ವರಿ, ಅಂದರು ಮುದ್ದೆ ಮುರಿಯುತ್ತಾ, ಹದವಂತೆ ಹದ, ಮದುವೆಯಾದಾಗಿನಿಂದ ಇವರ ಪಕ್ಕದಲ್ಲೇ ಉಸಿರಾಡುತ್ತಿದ್ದೇನೆ, ಒಂದು ದಿನ ಕಿವಿಗೊಟ್ಟರೇ, ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿ ಕಟ್ಟಿದೆಯಾ ಅಂತ ಕೇಳುತ್ತಿದ್ದ ನಮ್ಮಪ್ಪನಷ್ಟಾದರೂ — ಅಳೆಯುವುದಕ್ಕೆ ಇನ್ನೊಬ್ಬರು ಬೇಕು ಅಂದಾಗ ಹಟ ಮಾಡಿ ನಾನೇ ಸೈಕಲ್ಲು ಹತ್ತಿದೆ. ಆ ಉಬ್ಬು ನನಗೆ ಗೊತ್ತು, ನಿನ್ನೆ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ, ಅವಳ ಮಾಸ್ಕಿನ ಪಟ್ಟಿ ಸಡಿಲಾಯಿತು, ಇವರು ಬಗ್ಗಿ ಕಿವಿಯ ಹಿಂದೆ ಬಿಗಿದರು, ಅವಳ ಉಸಿರು ಸಿಕ್ಕಿಕೊಂಡಿತು, ಗೆರೆ ಎದ್ದಿತು. ಮಟ್ಟೆ ಹೊರುವ ಬಾಲರಾಜು ಕೆಮ್ಮಿದಾಗ ಎದ್ದ ಉಬ್ಬನ್ನು ಗೆರೆಯಿಂದ ಅಳಿಸಿದರು, ಕಸ ಗುಡಿಸುವ ಕಲ್ಲಮ್ಮ ಆಕಳಿಸಿದ್ದನ್ನು ಅಳಿಸಿದರು, ಇಂಥವೆಲ್ಲ ಬೇಡದ್ದು ಕಣೇ ಅನ್ನುತ್ತಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಮತ್ತೆ ಇದು, ಅಂತ ಹಸಿರಿಗೆ ಬೆರಳು ಮಾಡಿದೆ, ಇರ್ಲಿ ಬುಡು, ಅಂದರು, ನನ್ನ ಮುಖ ನೋಡದೆ.

ಇರಲಂತೆ. ಬೆವರು ಒರೆಸುವವಳಂತೆ ಕೈಯೆತ್ತಿ ಪಟ್ಟಿ ಸಡಿಲಿಸುತ್ತೇನೆ, ಗಾಳಿ ಸೋರುತ್ತದೆ, ಕೆಂಪು ಗೆರೆ ಕುಸಿಯುತ್ತದೆ, ಬರಲಿ, ಬಂದರು, ಕಿವಿಯ ಹಿಂದೆ ಬೆರಳು, ತಣ್ಣಗಿದೆ, ಅಯ್ಯೋ ಶಿವನೇ, ಇಷ್ಟು ವರ್ಷದ ಮೇಲೂ ನನ್ನ ಉಸಿರು ಸಿಕ್ಕಿಕೊಂಡಿತಲ್ಲ, ತುಳಿಯುವ ಕಾಲೂ ತಪ್ಪಿತು, ಕೆಂಪಿನಲ್ಲೂ ಎದ್ದಿತು ಉಬ್ಬು, ಅವಳದಕ್ಕಿಂತ ಎತ್ತರ, ನೋಡ್ರೀ, ಒಂದು ಸಲ ನೋಡ್ರೀ, ಅನ್ನಬೇಕು, ಮಾಸ್ಕಿನೊಳಗೆ ಮಾತು ಎಲ್ಲಿ ಹೊರಡುತ್ತದೆ — ನೋಡಿದರು, ಕುರ್ಚಿ ಎಳೆದು ಕೂತರು, ಪಟ್ಟಿ ಸಡ್ಲ ಆಗಿತ್ತು ಕಣೇ, ಇದು ಬೇಡ, ನೀನು ತುಳಿ, ಅಂದರು, ಗುಂಡಿ ಒತ್ತಿದರು, ಕೆಂಪು ಗೆರೆ ನುಣ್ಣಗಾಯಿತು, ತುಳಿಯುತ್ತಿದ್ದೇನೆ, ಪಕ್ಕದಲ್ಲಿ ಹಸಿರು, ಹಸಿರಿನ ನಡುವೆ ಆ ಉಬ್ಬು, ಆ ಉಬ್ಬು —