ಎಂಜಿನ್ ಆರುವವರೆಗೆ

ಮೈದುನ ಬಾನೆಟ್ಟಿನೊಳಗೆ ತಲೆ ತೂರಿಸಿ ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಉದ್ದನೆಯ ಹಳೇ ಕಾರಿನ ಹಿಂದಿನ ಸೀಟು ಮಡಚಿ ಅವನ ಅಣ್ಣನ ಶವಪೆಟ್ಟಿಗೆಯನ್ನು ಆಗಲೇ ಇರಿಸಿದ್ದರು. ಕಂಡವರ ಕಾರನ್ನೆಲ್ಲ ರಿಪೇರಿ ಮಾಡಿದವನು ಇವತ್ತಾದರೂ ತನ್ನ ಕಾರಿನಲ್ಲಿ ಹೋಗಲಿ ಎಂದು ಹಟ ಹಿಡಿದವಳು ಅತ್ತಿಗೆಯೇ.

“ಟೈಮಿಂಗ್ ಎಷ್ಟು ಹಿಂದಿದೆ ನೋಡಿ ಅತ್ತಿಗೆ. ಕಿಡಿ ತಡವಾಗಿ ಹಾರಿದ್ರೆ ಎಂಜಿನ್ ಕಾಯದೆ ಇರುತ್ತಾ? ದಿಣ್ಣೆ ಹತ್ತೋದ್ರೊಳಗೆ ಹಬೆ ಬರುತ್ತೆ.”

“ಹಾಗೇ ಇರ್ಲಿ ಬಿಡಪ್ಪ.”

“ಚೆನ್ನಾಗಿ ಹೇಳಿದ್ರಿ. ಇವತ್ತು ನಡುದಾರೀಲಿ ನಿಂತ್ರೆ ಅಣ್ಣನ ಮಾನ ಹೋಗುತ್ತೆ.”

ಸರಿಮಾಡಿಯೇ ಬಿಟ್ಟ. ಸದ್ದು ಹದಕ್ಕೆ ಬಂತು. ಆಕೆ ಮುಖ ಆಚೆ ತಿರುಗಿಸಿದಳು.

*

ಗಂಡನ ಕಿವಿ ಕೈಕೊಟ್ಟ ಮೇಲೆ ಈ ಕಾರಿಗೆ ಆಕೆಯೇ ಕಿವಿ. ಅವನು ಡಿಸ್ಟ್ರಿಬ್ಯೂಟರನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸುತ್ತ ಬರುವನು, ಸದ್ದು ಸರಿಹೋದಾಗ ಆಕೆ ಕೈಯೆತ್ತಬೇಕು. ಆಕೆ ಬೇಕೆಂದೇ ತುಸು ಮೊದಲು, ಟೈಮಿಂಗ್ ಇನ್ನೂ ಹಿಂದಿರುವಾಗಲೇ, ಎತ್ತುತ್ತಿದ್ದಳು. ಇನ್ನೇನು ಮಾಡಿಯಾಳು? ವಾರವಿಡೀ ಯಾರದೋ ಕಾರಿನಡಿ ಮಲಗಿರುವ ಮನುಷ್ಯ, ಮನೆಯಲ್ಲಿ ಕೂತರೂ ಕಾರ್ಬ್ಯುರೇಟರ್ ಬಿಚ್ಚಿಕೊಂಡೇ ಕೂರುವನು. ಭಾನುವಾರ ದಿಣ್ಣೆಯ ತಿರುವಿನಲ್ಲಿ ಕಾರು ಕಾದು ನಿಂತಾಗ ಮಾತ್ರ ಬೇರೆ ದಾರಿಯಿಲ್ಲ. ಆರುವ ತನಕ ರೇಡಿಯೇಟರಿನ ಮುಚ್ಚಳ ಮುಟ್ಟುವಂತಿಲ್ಲ. ಅಷ್ಟು ಹೊತ್ತು ಅವನು ಆಕೆಯವನು. ಪಕ್ಕ ಕೂತು ಬಾಯಿಗೆ ಬಂದದ್ದು ಹರಟುವನು.

“ನಿನ್ನ ಕಿವೀನೂ ಕೆಟ್ಟಿದೆ ಕಣೇ,” ಎಂದು ನಗುವನು.

ಪಾಪ, ಇವರಿಗೆ ಗೊತ್ತಾಗಲಿಲ್ಲ ಅಂದುಕೊಳ್ಳುವಳು.

*

ಕಾರು ಸಲೀಸಾಗಿ ದಿಣ್ಣೆ ಹತ್ತುತ್ತಿತ್ತು. ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ.

“ಅವ್ರಿಗೆ ಕೇಳಿಸ್ತಿರ್ಲಿಲ್ಲವಲ್ಲ,” ಎಂದಳು ಮುಂದಿನ ಸೀಟಿನಲ್ಲಿದ್ದ ಆಕೆ. “ನಾನು ಕೈಯೆತ್ತಿದಲ್ಲಿಗೇ ಬಿಗೀತಿದ್ರು.”

ಮೈದುನ ನಕ್ಕ. “ಅಣ್ಣಂಗೆ ಕಿವಿ ಯಾಕೆ ಬೇಕಿತ್ತು ಅತ್ತಿಗೆ? ಎಂಜಿನ್ ಮೇಲೆ ಅಂಗೈ ಇಟ್ರೆ ಸಾಕು, ನಡುಕದಲ್ಲೇ ತಿಳೀತಿತ್ತು. ಕೊನೇವರೆಗೂ ಗಿರಾಕಿಗಳ ಕಾರೆಲ್ಲ ಹಾಗೇ ಸರಿಮಾಡ್ತಿದ್ದ. ಒಂದೂ ತಪ್ಪಿಲ್ಲ.”

ಗೊತ್ತಿದ್ದೂ ಬಂದು ಕೂರುತ್ತಿದ್ದನಲ್ಲ ಮಹಾರಾಯ. ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? ಇನ್ನು ಒಂದೇ ಒಂದು ಸಲ ಹಾಗೆ ಕೂರಬೇಕೆನಿಸಿತು. ತಿರುವು ಎದುರಿಗೇ ಬಂತು.

“ಇಲ್ಲಿ ನಿಲ್ಲಿಸಪ್ಪ.”

“ಕಾದಿಲ್ಲ ಅತ್ತಿಗೆ.”

“ಗೊತ್ತು. ನಿಲ್ಲಿಸು.”

ಮೈದುನ ಆಕೆಯ ಮುಖ ನೋಡಿದ. ಕಾರನ್ನು ಬದಿಗೆ ಹಾಕಿದ. ಆಕೆ ಇಳಿದು, ಹಿಂದೆ ಹೋಗಿ, ಪೆಟ್ಟಿಗೆಯ ಪಕ್ಕ ಕೂತಳು.

ಹಿಂದೆ ಬರುತ್ತಿದ್ದ ನೆಂಟರ ಕಾರುಗಳೂ ಒಂದೊಂದಾಗಿ ನಿಂತವು. ಏನಾಯಿತೆಂದು ಕೇಳುತ್ತ ನಾಲ್ಕು ಜನ ಹತ್ತಿರ ಬಂದರು. ಮೈದುನ ಬಾನೆಟ್ ಎತ್ತಿ ನಿಲ್ಲಿಸಿ, ಅವರಿಗೆ ಅಡ್ಡ ನಿಂತ.

“ಯಾರೂ ಬರ್ಬೇಡಿ,” ಎಂದ. “ತುಂಬಾ ಕಾದಿದೆ. ಆರೋಕೆ ಹೊತ್ತಾಗುತ್ತೆ.”